ಹೆಸರಿದ್ದರೆ ಸಾಕೆ?

ಕಾಣಿಕೆ ಕೊಡುವುದು ಹಳೆಯ ರೂಢಿ. ಕಾಣಿಕೆಯ ಮೇಲೆ ಹೆಸರು ಹಾಕಿಸುವುದೂ ಹೊಸದಲ್ಲ. ಮದುವೆಯಲ್ಲಿ ಬಂದ ತಂಬಿಗೆ, ಹರಿವಾಣಗಳ ಮೇಲೆ ಕೊಟ್ಟವರ ಹೆಸರು ಚುಕ್ಕೆ ಚುಕ್ಕೆಯಾಗಿ ಮೂಡಿರುವುದನ್ನು ನಮ್ಮಲ್ಲಿ ಯಾರು ನೋಡಿಲ್ಲ? ಭಾಂಡೆ ಅಂಗಡಿಯವನು ಉಳಿ ಹಿಡಿದು ಆ ಚುಕ್ಕೆಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದನು. ಮುಂದೆ ಆ ಕೆಲಸಕ್ಕೆ ವಿದ್ಯುತ್ತಿನ ಸೂಜಿ ಬಂದಿತು. ಅದರ ಈಚಿನ ಅವತಾರವೇ ಫೋಟೋ ಹಾಕಿದ ಮಗ್ಗು.

ವಿಶೇಷ ಲೇಪನವುಳ್ಳ ಬಿಳಿ ಮಗ್ಗಿಗೆ ಚಿತ್ರ ಅಚ್ಚಾದ ಕಾಗದವನ್ನು ಸುತ್ತಿ, ಸುಮಾರು 180ರಿಂದ 200 ಡಿಗ್ರಿ ಶಾಖ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಚಿತ್ರ ಮಗ್ಗಿಗೆ ಇಳಿಯುತ್ತದೆ. ಬೀಳ್ಕೊಡುಗೆಯ ದಿನ ಬಂತೆಂದರೆ ನಾವೂ ಹಣ ಕೂಡಿಸಿ ಅಂಥವನ್ನೇ ತಂದು ಗುರುಗಳಿಗೆ ಒಪ್ಪಿಸುತ್ತೇವೆ. ಹೆಸರೊಂದು ಬೇರೆ, ಉಳಿದುದೆಲ್ಲ ಒಂದೇ. ಅಂಗಡಿಯವನದು ತಪ್ಪಲ್ಲ, ಅದು ಅವನ ಹೊಟ್ಟೆಪಾಡು. ಆದರೆ ಅದರಲ್ಲಿ ನಮ್ಮದೇನಿದೆ? ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣ ಬ್ಯಾಡಗಿ ಮೆಣಸಿನಕಾಯಿಗೆ ಭೂಷಣ, ಕಾಣಿಕೆಗೆ ಅಲ್ಲ.

ಹಾವೇರಿಯ ಏಲಕ್ಕಿ ಹಾರವನ್ನು ನೋಡಿರಿ. ಏಲಕ್ಕಿ ನಮ್ಮ ಬಯಲುಸೀಮೆಯ ಬೆಳೆಯಲ್ಲ, ಮಲೆನಾಡಿನದು. ಆದರೂ ಹಾರಕ್ಕೆ ಹಾವೇರಿಯ ಹೆಸರು. ಕಾಯಿಗಳನ್ನು ಆರಿಸಿ ಒಂದೊಂದನ್ನೇ ಪೋಣಿಸಿದ ಕೈಗಳು ಇಲ್ಲಿಯವು. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಈ ಊರಿನಲ್ಲಿ ನಡೆದಾಗಲೂ ಹಾವೇರಿಯನ್ನು ಏಲಕ್ಕಿಯ ಕಂಪಿನ ನಾಡೆಂದೇ ಜನ ಕರೆದರು. ವಸ್ತು ಎಲ್ಲಿಯದಾದರೇನು, ಬೆಲೆ ಬರುವುದು ಕೈಯಿಂದ.

ಆದುದರಿಂದ ಮಗ್ಗನ್ನು ನಾವೇ ಚಿತ್ರಿಸಿ ಕೊಡೋಣ ಎಂಬುದು ನನ್ನ ಅಭಿಪ್ರಾಯ. ಕೆಲಸ ಸುಲಭವೆಂದು ಹೇಳಲಾರೆ. ಪಿಂಗಾಣಿಯ ನುಣುಪಿನ ಮೇಲೆ ಸಾಮಾನ್ಯ ಬಣ್ಣ ನಿಲ್ಲುವುದಿಲ್ಲ. ಪಿಂಗಾಣಿಗೆಂದೇ ತಯಾರಿಸಿದ ಬಣ್ಣ ಬೇಕು. ಒಣಗಿದ ಮೇಲೆ ಸೀಸೆಯ ಮೇಲೆ ತಿಳಿಸಿದಷ್ಟು ಹೊತ್ತು ಓವನ್ನಿನಲ್ಲಿ ಕಾಯಿಸಬೇಕು. ಒಳಮೈಗೂ ತುಟಿ ತಾಗುವ ಅಂಚಿಗೂ ಬಣ್ಣ ಹಚ್ಚಬಾರದು. ಓವನ್ ಇಲ್ಲದಿದ್ದರೆ ಅದು ಪೆನ್ನು ಇಡುವ ಪಾತ್ರೆಯಾಗಲಿ.

ಕಳೆದ ದೀಪಾವಳಿಗೆ ನಾನು ಅವ್ವನಿಗೊಂದು ಮಗ್ಗು ಮಾಡಿದೆ. ಅವಳಿಗೆ ಓದು ಬಾರದು. ಅವಳ ಹೆಸರು ಬರೆದು ಪ್ರಯೋಜನವೇನು? ಅದಕ್ಕಾಗಿ ಅವಳು ದಿನವೂ ಅಂಗಳದಲ್ಲಿ ಹಾಕುವ ರಂಗೋಲಿಯನ್ನೇ ಬಿಡಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿ, “ಇಲ್ಲೊಂದು ಚುಕ್ಕಿ ಬಿಟ್ಟೀಯಲ್ಲೋ” ಎಂದಳು. ಮೂರು ವರ್ಷಗಳಿಂದ ನಾನು ಕಾಲೇಜಿನಲ್ಲಿ ಬರೆದುದಾವುದನ್ನೂ ಅವಳು ಓದಲಾರಳು. ನನ್ನ ಕೈಯ ಬರಹದಲ್ಲಿ ಅವಳು ಓದಿದ್ದೂ ತಿದ್ದಿದ್ದೂ ಅದೊಂದನ್ನೇ. ನಮ್ಮ ಮನೆಯಲ್ಲಿ ಓವನ್ ಇಲ್ಲ; ಆ ಮಗ್ಗಿನಲ್ಲಿ ಈಗ ದೇವರ ಊದಿನಕಡ್ಡಿ ಇವೆ.

ಚಿತ್ರ ಬರೆಯಲು ಬಾರದೆಂದು ಗೆಳೆಯರು ಹಿಂಜರಿಯಬಹುದು. ನನಗೂ ಬಾರದು. ಬೇಕಾದುದು ಕಲೆಗಿಂತ ಹೆಚ್ಚಾಗಿ ನೆನಪು: ಪಾಠದ ನಡುವೆ ಗುರುಗಳು ಪದೇ ಪದೇ ಕೊಡುತ್ತಿದ್ದ ಉದಾಹರಣೆ, ಗೆಳೆಯನ ಹೊಲದ ಬೇವಿನ ಮರ. ಅದನ್ನು ಅಂಗಡಿಯವನು ಅಚ್ಚು ಹಾಕಲಾರನು, ಅವನಿಗದು ಗೊತ್ತಿಲ್ಲ. ಕಾಣಿಕೆಯ ಮೇಲೆ ಹೆಸರಿದ್ದರೆ ಸಾಲದು. ಆ ಹೆಸರಿನವರನ್ನು ನಾವು ಬಲ್ಲೆವೆಂಬುದೂ ಅಲ್ಲಿ ಕಾಣಬೇಕು. ಈ ವರ್ಷದ ಬೀಳ್ಕೊಡುಗೆಗೆ ಇನ್ನೂ ಸಮಯವಿದೆ.