ಎಷ್ಟು ಪೇಪರು ಎಂದು ಕೇಳುವುದನ್ನು ನಿಲ್ಲಿಸೋಣ

ಹೊರನಾಡಿನಲ್ಲಿ ನೆಲೆಸಿದ ನಮಗೆ ಮಕ್ಕಳ ವಿದ್ಯೆಯೇ ಆಸ್ತಿ. ಊರಿನ ಜಮೀನು ಪಾಲಾಯಿತು, ಹಳೆಯ ಮನೆ ಬಿದ್ದುಹೋಯಿತು. ಇಲ್ಲಿ ಎರಡು ಕೋಣೆಯ ಬಿಡಾರದಲ್ಲಿದ್ದುಕೊಂಡು ಮಕ್ಕಳನ್ನು ಓದಿಸಿದೆವು. ಅವರು ಇಂಜಿನಿಯರಾದರು, ಡಾಕ್ಟರಾದರು, ಎಂ.ಬಿ.ಎ. ಮಾಡಿದರು, ಈಗ ಹಲವರು ಸಂಶೋಧನೆಗೂ ಇಳಿದಿದ್ದಾರೆ. ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ಈ ಹೆಮ್ಮೆಯನ್ನು ನಾವು ಯಾವ ಕೊಳಗದಲ್ಲಿ ಅಳೆಯುತ್ತಿದ್ದೇವೆ? "ನಿಮ್ಮ ಮಗನದು ಎಷ್ಟು ಪೇಪರು ಆಯಿತು?" ಎಂದು ಕೇಳುತ್ತೇವೆ. ಹದಿನೆಂಟು ಎಂದರೆ ಹುಬ್ಬೇರಿಸುತ್ತೇವೆ. ಎರಡು ಎಂದರೆ ಅಯ್ಯೋ ಪಾಪ ಎಂಬಂತೆ ನೋಡುತ್ತೇವೆ. ಆ ಪೇಪರುಗಳಲ್ಲಿ ಇರುವುದೇನು ಎಂದು ಮಾತ್ರ ಕೇಳುವುದಿಲ್ಲ. ಈ ಎಣಿಕೆಯ ಹುಚ್ಚನ್ನು ವಿರೋಧಿಸಲೆಂದೇ ಈ ಲೇಖನ. ಯಾರಿಗಾದರೂ ಕಟುವೆನಿಸಿದರೆ ಎನಿಸಲಿ.

ಎಣಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಪಿಎಚ್.ಡಿ. ಮಹಾಪ್ರಬಂಧವನ್ನು ಒಪ್ಪಿಸುವ ಮೊದಲು ಒಂದು ಸಂಶೋಧನಾ ಪೇಪರನ್ನಾದರೂ ಪ್ರಕಟಿಸಿರಬೇಕು ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿ ಕಟ್ಟು ಮಾಡಿತು. ಮರುವರ್ಷ, 2010ರಲ್ಲಿ, ಅಧ್ಯಾಪಕರ ನೇಮಕಾತಿಗೂ ಬಡ್ತಿಗೂ ಅಂಕಗಳ ಪಟ್ಟಿಯನ್ನೇ ತಂದಿತು. ಪೇಪರಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಪೇಪರು ಕಡ್ಡಾಯವಾದ ಕೂಡಲೇ ಪೇಪರಿನ ಅಂಗಡಿಗಳೂ ಹುಟ್ಟಿಕೊಂಡವು. ಹಣ ಕಟ್ಟಿದವರ ಬರಹವನ್ನು ಕಣ್ಣುಮುಚ್ಚಿ ಅಚ್ಚು ಹಾಕುವ, 'ಅಂತರರಾಷ್ಟ್ರೀಯ' ಎಂಬ ಬಿರುದನ್ನು ತಾವೇ ಮುಡಿದುಕೊಂಡ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಕೊನೆಗೆ 2018ರ ಮೇ ತಿಂಗಳಿನಲ್ಲಿ ಅದೇ ಆಯೋಗ ತಾನೇ ಮಾನ್ಯ ಮಾಡಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಪಿಎಚ್.ಡಿ.ಗೆ ಪೇಪರು ಕಡ್ಡಾಯವೆಂಬ ಷರತ್ತನ್ನು 2022ರಲ್ಲಿ ಕೈಬಿಟ್ಟಿತು. ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನೇ 2025ರಲ್ಲಿ ನಿಲ್ಲಿಸಿ, ನೀವು ನೀವೇ ತೂಗಿ ನೋಡಿಕೊಳ್ಳಿ ಎಂದು ವಿದ್ಯಾಸಂಸ್ಥೆಗಳಿಗೆ ಹೇಳಿತು.

ನಿಯಮ ಬದಲಾಯಿತು, ಚಟ ಬದಲಾಗಲಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿಯೂ ಇದೇ ಕಥೆ. ದಿನವಿಡೀ ರೋಗಿಗಳನ್ನು ನೋಡಿ, ಸಂಜೆ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಡಾಕ್ಟರಿಗೂ ಬಡ್ತಿಯ ಹೊತ್ತಿಗೆ ಪೇಪರು ಬೇಕು. ಆತ ಚಿಕಿತ್ಸೆ ಮಾಡಬೇಕೋ, ಪಾಠ ಹೇಳಬೇಕೋ, ರಾತ್ರಿ ಕುಳಿತು ಯಾರಿಗೂ ಬೇಡದ ನಾಲ್ಕು ಪುಟ ಹೆಣೆಯಬೇಕೋ?

ಇದು ನಮ್ಮ ದೇಶದ ರೋಗ ಮಾತ್ರ ಎಂದು ಯಾರೂ ತಿಳಿಯಬಾರದು. ಹಿಂದಾವಿ ಎಂಬ ಪ್ರಕಾಶನ ಸಂಸ್ಥೆಯನ್ನು ಅಮೆರಿಕದ ವೈಲಿ ಕಂಪನಿ 2021ರಲ್ಲಿ 29.8 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಎರಡೇ ವರ್ಷಗಳಲ್ಲಿ ಬಣ್ಣ ಬಯಲಾಯಿತು. 2023ರಲ್ಲಿ ಪ್ರಪಂಚದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪೇಪರುಗಳನ್ನು ಹಿಂತೆಗೆದುಕೊಳ್ಳಲಾಯಿತು. ಅವುಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಿಂದಾವಿಯ ಪತ್ರಿಕೆಗಳವು. ದುಡ್ಡಿಗೆ ಪೇಪರು ಬರೆದುಕೊಡುವ ಕಾರ್ಖಾನೆಗಳೇ ಇದ್ದವು. ಇಂಥ ಕಾರ್ಖಾನೆಯ ಮಾಲು ಹೇಗಿರುತ್ತದೆ ಎಂದರೆ, ಬೇರೆಯವರ ಬರಹವನ್ನು ಕದ್ದು, ಕಳ್ಳತನ ಗೊತ್ತಾಗದಿರಲೆಂದು ಯಂತ್ರದಿಂದ ಪದಗಳನ್ನು ಬದಲಾಯಿಸುವುದು. ಹೀಗೆ ಬದಲಾಯಿಸುವಾಗ ಸ್ತನದ ಕ್ಯಾನ್ಸರ್ 'ಎದೆಯ ಗಂಡಾಂತರ'ವಾಯಿತು. ಕೃತಕ ಬುದ್ಧಿಮತ್ತೆ 'ನಕಲಿ ಪ್ರಜ್ಞೆ'ಯಾಯಿತು. ಇಂಥ ವಿಕಾರ ಪದಗಳನ್ನು ಹುಡುಕಿ ಹುಡುಕಿ ಜಗತ್ತಿಗೆ ತೋರಿಸಿದವರು ಗಿಯೋಮ್ ಕಬಾನಾಕ್ ಮತ್ತು ಅವರ ಸಂಗಡಿಗರು, 2021ರಲ್ಲಿ. ಬರೆದವರು ಓದಲಿಲ್ಲ, ಪರಿಶೀಲಿಸಬೇಕಾದವರು ಓದಲಿಲ್ಲ, ಅಚ್ಚು ಹಾಕಿದವರು ಓದಲಿಲ್ಲ. ಓದುವುದಕ್ಕೆಂದು ಬರೆದದ್ದಾಗಿದ್ದರೆ ತಾನೆ ಓದುವುದು? ಅದು ಎಣಿಸುವುದಕ್ಕೆಂದು ಬರೆದದ್ದು.

"ಅದೆಲ್ಲ ಕೆಳದರ್ಜೆಯ ಪತ್ರಿಕೆಗಳ ಮಾತು, ದೊಡ್ಡ ಪತ್ರಿಕೆಗಳಲ್ಲಿ ಹಾಗಾಗುವುದಿಲ್ಲ" ಎನ್ನುವವರಿದ್ದಾರೆ. ಅವರು ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು, ವೈದ್ಯಕೀಯದ್ದು. ಕೋವಿಡ್ ಕಾಲದಲ್ಲಿ, 2020ರ ಮೇ 22ರಂದು, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಸಾವು ಹೆಚ್ಚುತ್ತದೆಂಬ ಪೇಪರು 'ಲ್ಯಾನ್ಸೆಟ್'ನಲ್ಲಿ ಬಂತು. ಆರು ಖಂಡಗಳ 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ಲೆಕ್ಕವೆಂದು ಹೇಳಿತ್ತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪ್ರಯೋಗವನ್ನು ತಡೆಹಿಡಿಯಿತು. ಮೂಲ ಲೆಕ್ಕ ತೋರಿಸಿ ಎಂದು ಕೇಳಿದಾಗ ಅದನ್ನು ಒದಗಿಸಿದ್ದ ಕಂಪನಿ ತೋರಿಸಲಿಲ್ಲ. ಜೂನ್ 4ರಂದು ಪೇಪರನ್ನು ಹಿಂತೆಗೆದುಕೊಂಡರು. ಆ ಮಾತ್ರೆ ಕೋವಿಡ್ಡಿಗೆ ಉಪಯೋಗವಿಲ್ಲವೆಂಬುದು ಆಮೇಲೆ ಬೇರೆ ಪ್ರಾಮಾಣಿಕ ಪ್ರಯೋಗಗಳಿಂದ ತಿಳಿಯಿತು. ಆದರೆ ಆ ಹದಿಮೂರು ದಿನ ಜಗತ್ತಿನ ಡಾಕ್ಟರುಗಳು ಯಾರ ಮಾತನ್ನು ನಂಬಿ ನಡೆದರು?

ಎರಡು, ವಿಜ್ಞಾನದ್ದು. ಕ್ಯಾನ್ಸರ್ ಕುರಿತ 53 ಪ್ರಖ್ಯಾತ ಪೇಪರುಗಳನ್ನು ಅಮೆರಿಕದ ಆಮ್ಜೆನ್ ಔಷಧ ಕಂಪನಿಯ ವಿಜ್ಞಾನಿಗಳು ತಮ್ಮ ಪ್ರಯೋಗಶಾಲೆಯಲ್ಲಿ ಮತ್ತೆ ಮಾಡಿ ನೋಡಿದರು. ಆರು ಮಾತ್ರ ನಿಂತವು. ಇದನ್ನು 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಎಲ್ಲವೂ ಮೋಸವೆಂದು ಇದರ ಅರ್ಥವಲ್ಲ. ಅವಸರ, ಸಣ್ಣ ಪ್ರಯೋಗ, ಬೇಕಾದ ಫಲಿತಾಂಶವನ್ನಷ್ಟೇ ಆರಿಸಿಕೊಳ್ಳುವ ಮನಸ್ಸು, ಇವಿಷ್ಟು ಸಾಕು.

ಮೂರು, ವ್ಯಾಪಾರಶಾಸ್ತ್ರದ್ದು. ಅರ್ಜಿಯ ಕೊನೆಯಲ್ಲಿ ಸಹಿ ಮಾಡಿಸುವ ಬದಲು ತಲೆಯಲ್ಲೇ ಸಹಿ ಮಾಡಿಸಿದರೆ ಜನ ಹೆಚ್ಚು ಪ್ರಾಮಾಣಿಕವಾಗಿ ವಿವರ ತುಂಬುತ್ತಾರೆ ಎಂದು 2012ರ ಒಂದು ಪೇಪರು ಸಾರಿತು. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಅದು ಮನೆಮಾತಾಯಿತು. ಅದರಲ್ಲಿದ್ದ ಕಾರು ವಿಮೆಯ ಅಂಕಿಗಳೇ ಸೃಷ್ಟಿಸಿದವು ಎಂದು 2021ರಲ್ಲಿ ಮೂವರು ವಿದ್ವಾಂಸರು ತೋರಿಸಿಕೊಟ್ಟರು. ಅದೇ ವರ್ಷ ಪೇಪರು ರದ್ದಾಯಿತು. ಪ್ರಾಮಾಣಿಕತೆಯ ಮೇಲಿನ ಪೇಪರಿಗೇ ಈ ಗತಿ! ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇಲ್ಲಿ ವಿಜ್ಞಾನದ ಪಕ್ಷಪಾತಿಗಳು ಒಂದು ಮಾತು ಹೇಳುತ್ತಾರೆ: ತಪ್ಪು ಸಿಕ್ಕಿತಲ್ಲ, ಅದೇ ವಿಜ್ಞಾನದ ಹಿರಿಮೆಯಲ್ಲವೆ? ಹೌದು, ನೂರು ಪಾಲು ಹೌದು. ತನ್ನ ತಪ್ಪನ್ನು ತಾನೇ ಹುಡುಕುವ ವಿದ್ಯೆ ಇನ್ನಾವುದಿದೆ? ಆದರೆ ಹುಡುಕಿದವರು ಯಾರು? ತಿಂಗಳುಗಟ್ಟಲೆ ಕುಳಿತು ಬೇರೆಯವರ ಅಂಕಿಗಳನ್ನು ಸಾಲು ಸಾಲಾಗಿ ಓದಿದವರು. ಹಾಗೆ ಓದಿದ್ದಕ್ಕೆ ಬಡ್ತಿಯ ಪಟ್ಟಿಯಲ್ಲಿ ಎಷ್ಟು ಅಂಕ? ಕಾಳು ತೂರುವವನಿಗೆ ಕೂಲಿಯಿಲ್ಲ, ಜಳ್ಳು ಸುರಿಯುವವನಿಗೆ ಬಹುಮಾನ. ಇಂಥ ಕಣದಲ್ಲಿ ರಾಶಿ ದೊಡ್ಡದಾಗುತ್ತದೆ, ಊಟಕ್ಕೆ ಮಾತ್ರ ಏನೂ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಅದು ನಮ್ಮಂಥ ವಲಸೆಗಾರರದೇ. "ಸ್ವಾಮಿ, ಪರಊರಿನಲ್ಲಿ ನಮ್ಮ ಮಕ್ಕಳಿಗೆ ಶಿಫಾರಸು ಮಾಡುವವರಿಲ್ಲ. ಇಲ್ಲಿಯ ಭಾಷೆಯವರಲ್ಲ, ಇಲ್ಲಿಯ ಜಾತಿಯವರಲ್ಲ, ಯಾವ ಮಂತ್ರಿಯ ನೆಂಟರೂ ಅಲ್ಲ. ಸಂದರ್ಶನದಲ್ಲಿ ಕೂತವರು ತಮ್ಮವರನ್ನೇ ತೆಗೆದುಕೊಳ್ಳಬೇಕೆಂದಿದ್ದಾಗ ಅವರ ಮುಂದೆ ಹಿಡಿಯಲು ಈ ಸಂಖ್ಯೆಯೊಂದಾದರೂ ಇದೆ. ಅದನ್ನೂ ಕಿತ್ತುಕೊಳ್ಳುತ್ತೀರಾ?" ಈ ಅಳಲನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಕೊಂಡುಕೊಳ್ಳಲು ಸಿಗುವ ಗುರಾಣಿ ಬಡವನನ್ನು ಎಷ್ಟು ದಿನ ಕಾಪಾಡೀತು? ಸುಳ್ಳು ಪತ್ರಿಕೆಗೆ ಸಾವಿರಗಳಲ್ಲಿ ಕಟ್ಟಿದರೆ ಸಾಕು. ನಿಜವಾದ ಪತ್ರಿಕೆಗಳಲ್ಲಿಯೂ, ಎಲ್ಲರೂ ಬಿಟ್ಟಿಯಾಗಿ ಓದುವಂತೆ ಪ್ರಕಟಿಸಬೇಕಾದರೆ ಬರೆದವರ ಕಡೆಯಿಂದಲೇ ಹಣ ಹೋಗಬೇಕು. 'ನೇಚರ್' ಪತ್ರಿಕೆ 2021ರಲ್ಲಿ ಇದಕ್ಕೆ ಇಟ್ಟ ದರ 9,500 ಯೂರೋ. ಹಣವುಳ್ಳವನ ಮಗ ಹತ್ತು ಪೇಪರು ಕೊಂಡರೆ, ಮೂರು ವರ್ಷ ಬೆವರು ಸುರಿಸಿ ಒಂದನ್ನು ಬರೆದ ನಮ್ಮ ಹುಡುಗಿ ಸಾಲಿನ ಕೊನೆಗೆ ಹೋಗುತ್ತಾಳೆ. ಎಣಿಕೆಯಿಂದ ಪಕ್ಷಪಾತ ತೊಲಗಲಿಲ್ಲ. ಅದಕ್ಕೊಂದು ಅಂಕಪಟ್ಟಿ ಸಿಕ್ಕಿತು, ಅಷ್ಟೆ. ಶಿಫಾರಸಿಲ್ಲದವರಿಗೆ ನಿಜವಾದ ರಕ್ಷೆಯೆಂದರೆ, ಅವರ ಕೆಲಸವನ್ನು ಯಾರಾದರೂ ಓದಿ ನೋಡಲೇಬೇಕು ಎಂಬ ನಿಯಮ.

ಇನ್ನು ಹಣದ ಮಾತು. ಪ್ರಕಾಶಕರಿಗೆ ಹೋಗುವ ದುಡ್ಡು ನಮ್ಮ ಜೇಬಿನದೂ ಹೌದು. 'ಒಂದು ರಾಷ್ಟ್ರ, ಒಂದು ಚಂದಾ' ಎಂಬ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ ಆರು ಸಾವಿರ ಕೋಟಿ ರೂಪಾಯಿ. ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರಕಾರಿ ವಿದ್ಯಾಸಂಸ್ಥೆಗಳು. ಸಣ್ಣ ಊರಿನ ಸರಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಪತ್ರಿಕೆಗಳು ಓದಲು ಸಿಗುತ್ತವೆ, ಅದನ್ನು ಸ್ವಾಗತಿಸುತ್ತೇನೆ. ಆದರೆ ಯೋಜನೆ ಸಂಸ್ಥೆಗಳಿಗಾಗಿ ಇರುವುದು. ಅದಕ್ಕೆ ತೆರಿಗೆ ಕೊಟ್ಟ ಗುಮಾಸ್ತ, ಹೋಟೆಲು ಮಾಣಿ, ನಿವೃತ್ತ ಮಾಸ್ತರು, ತನ್ನ ಕಾಯಿಲೆಯ ಬಗ್ಗೆ ತಿಳಿಯಬೇಕೆಂದಿರುವ ಗೃಹಿಣಿ, ಇವರೆಲ್ಲ ಬಾಗಿಲ ಹೊರಗೇ. ಬಾಗಿಲು ತೆರೆದರೂ ಒಳಗಿರುವುದು ಇವರಿಗೆ ಅರ್ಥವಾಗುವ ಭಾಷೆಯಲ್ಲಿ ಇಲ್ಲ. ಹಣ ಕೊಟ್ಟವರಿಗೆ ಏನು ಕಂಡುಹಿಡಿದಿರಿ ಎಂದು ಕೇಳುವ ಹಕ್ಕಿಲ್ಲವೆ?

ಸಂಶೋಧನೆಯೆಂದರೆ ಜನಸಾಮಾನ್ಯರಿಗೆ ತಿಳಿಸಲಾಗದ ಗಹನ ವಸ್ತು ಎನ್ನುವವರಿಗೆ ಒಂದು ಉದಾಹರಣೆ ಸಾಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನು ಮುಗಿಯುತ್ತ ಬಂದಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸರು ಗ್ಲೂಕೋಸು, ಉಪ್ಪು, ಅಡಿಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳಿಗೆ ಕುಡಿಸಿದರು. ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು, ಅವರ ಆರೈಕೆಯಲ್ಲಿದ್ದವರಲ್ಲಿ ನಾಲ್ಕಕ್ಕೂ ಕೆಳಗಿಳಿಯಿತು. ಆ ಪೇಪರು ಅಚ್ಚಾದದ್ದು 1973ರಲ್ಲಿ. ಪ್ರಪಂಚದಾದ್ಯಂತ ಕೋಟಿಗಟ್ಟಲೆ ಮಕ್ಕಳು ಅಂಥ ನೀರಿನಿಂದ ಬದುಕಿದ್ದಾರೆ. ಆ ಸಂಶೋಧನೆಯನ್ನು ಯಾವ ತಾಯಿಗೂ ಯಾವ ಭಾಷೆಯಲ್ಲಿಯೂ ಎರಡು ನಿಮಿಷದಲ್ಲಿ ಹೇಳಬಹುದು. ಮಹಲನಬೀಸರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ಅವರ ಒಟ್ಟು ಪೇಪರುಗಳೆಷ್ಟು ಎಂದು ಯಾವ ತಾಯಿ ಕೇಳಿದ್ದಾಳೆ?

ಕನ್ನಡದಲ್ಲಿ ಇದೆಲ್ಲ ಆಗದು ಎಂಬ ಮಾತೂ ಬೇಡ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಬಿ.ಜಿ.ಎಲ್. ಸ್ವಾಮಿಯವರು ನಮ್ಮಂತೆಯೇ ಹೊರನಾಡ ಕನ್ನಡಿಗರು. ಸಸ್ಯಶಾಸ್ತ್ರದಲ್ಲಿ ಜಗತ್ತು ಒಪ್ಪುವ ಸಂಶೋಧನೆ ಮಾಡಿದರು. ಅದೇ ಕೈಯಿಂದ 'ಹಸುರು ಹೊನ್ನು' ಬರೆದರು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡಮರಗಳನ್ನು ಚೆನ್ನಾಗಿ ಬಲ್ಲವರಾದ್ದರಿಂದಲೇ ಅವನ್ನು ನಮ್ಮ ಮಾತಿನಲ್ಲಿ, ನಗುನಗುತ್ತ ಹೇಳಬಲ್ಲವರಾದರು. ತನಗೇ ತಿಳಿಯದವನು ಮಾತ್ರ ದೊಡ್ಡ ದೊಡ್ಡ ಪದಗಳ ಹಿಂದೆ ಅಡಗಿಕೊಳ್ಳುತ್ತಾನೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆಯೂ ಓದುಗ ಬಾಂಧವರ ಮುಂದೆಯೂ ನನ್ನ ಸಲಹೆಗಳಿವು. ನಮ್ಮ ಪ್ರತಿಭಾ ಪುರಸ್ಕಾರದಲ್ಲಿ ಪೇಪರುಗಳ ಸಂಖ್ಯೆಯನ್ನು ಓದುವ ಪದ್ಧತಿ ನಿಲ್ಲಲಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆ ಕಾಲಮ್ಮೇ ಬೇಡ. ಅದರ ಬದಲು, ಸನ್ಮಾನಿತರು ಹದಿನೈದು ನಿಮಿಷ ಕನ್ನಡದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಲಿ: ನೀವು ಕೇಳಿಕೊಂಡ ಪ್ರಶ್ನೆ ಯಾವುದು? ಕಂಡದ್ದೇನು? ಇನ್ನೂ ಉಳಿದ ಸಂದೇಹವೇನು? ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಕನ್ನಡ ತೊದಲಿದರೆ ತೊದಲಲಿ, ನಾವು ನಗುವುದು ಬೇಡ. ಆ ಮಾತನ್ನು ಎರಡು ಪುಟದಲ್ಲಿ ಈ ಪತ್ರಿಕೆ ಅಚ್ಚು ಹಾಕಲಿ. ತಂದೆತಾಯಂದಿರು ಪೇಪರು ಹಾಕಿಸಿಕೊಡುತ್ತೇವೆಂದು ಬರುವ ದಲ್ಲಾಳಿಗಳಿಗೆ ಒಂದು ಕಾಸೂ ಕೊಡಬಾರದು. ಮಗಳು "ಅಪ್ಪ, ಈ ವರ್ಷದ ಪ್ರಯೋಗ ಫಲಿಸಲಿಲ್ಲ" ಎಂದರೆ, ಪಕ್ಕದ ಮನೆಯವರ ಮಗನ ಲೆಕ್ಕ ತೆಗೆಯಬಾರದು.

ಸುಳ್ಳು ಹೇಳಿ ಗೆಲ್ಲುವುದಕ್ಕಿಂತ ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ಮೇಲು ಎಂದು ಮನೆಯಲ್ಲಿ ಕಲಿತ ಮಗುವನ್ನು ಯಾವ ಆಯೋಗದ ಅಂಕಪಟ್ಟಿಯೂ ಸುಲಭವಾಗಿ ಕೆಡಿಸಲಾರದು. ಆ ಪಾಠಕ್ಕೆ ಚಂದಾ ಬೇಕಿಲ್ಲ, ಸರಕಾರದ ಯೋಜನೆಯೂ ಬೇಕಿಲ್ಲ. ಅದನ್ನು ಹೇಳಿಕೊಡಬೇಕಾದವರು ನಾವು.