‘ಹೆಂಗೂ ಎಂಜಿನ್ ಇಳಿಸಿದ್ದೀವಲ್ಲ ಸಾರ್!’

ಈ ಒಂದು ಮಾತಿಗೆ ತಲೆಯಾಡಿಸಿ ನಮ್ಮ ಚಿಕ್ಕಪ್ಪ ಒಂದು ಲಕ್ಷದ ಹತ್ತು ಸಾವಿರ ಕಳಕೊಂಡರು. ಮನೇಲಿ ಹಳೇ ಕಾರು, ಜೀಪು ಇಟ್ಟುಕೊಂಡಿರೋರು ಇದನ್ನ ಪೂರ್ತಿ ಓದಿ, ಆಮೇಲೆ ಗ್ಯಾರೇಜ್‌ಗೆ ಹೋಗಿ.

ಚಿಕ್ಕಪ್ಪನ ಹತ್ರ ಇರೋದು ಪ್ರೀಮಿಯರ್ ಪದ್ಮಿನಿ. ಊರಲ್ಲಿ ಯಾರೂ ಹಾಗೆ ಕರೆಯಲ್ಲ, ಎಲ್ಲರಿಗೂ ಅದು ‘ಫಿಯೆಟ್ಟು’. ಹೆರಿಗೆಗೆ ಹೊರಟವರು, ಮದುವೆ ಹೆಣ್ಣು, ಕೋಲಾರದ ಎಪಿಎಂಸಿಗೆ ರೇಟ್ ನೋಡೋಕೆ ಹೊರಟವರು ಎಲ್ಲರನ್ನೂ ಹೊತ್ತಿರೋ ಗಾಡಿ. ಎರಡು ವರ್ಷದ ಕೆಳಗೆ ದಿಣ್ಣೆ ಹತ್ತೋವಾಗ ಎಳೆಯೋದು ಕಮ್ಮಿ ಆಯ್ತು, ನಿಂತಲ್ಲೇ ನಡುಗೋಕೆ ಶುರುವಾಯ್ತು. ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರಂ ದಾಟಿ, ಹಳೇ ಕಾರುಗಳನ್ನ ಹೊಸದರ ಹಾಗೆ ಮಾಡಿಕೊಡ್ತೀವಿ ಅನ್ನೋ ಒಂದು ಗ್ಯಾರೇಜ್‌ಗೆ ಬಿಟ್ಟು ಬಂದರು. ಹೆಸರು ಬೇಡ ಬಿಡಿ.

ಅಲ್ಲಿ ಕಂಪ್ರೆಷನ್ ಚೆಕ್ ಮಾಡಿ ಚೀಟಿಯಲ್ಲಿ ಬರೆದುಕೊಟ್ಟರು. ನಾಲ್ಕು ಸಿಲಿಂಡರ್: 115, 110, 70, 115. ಆ ಚೀಟಿ ಈಗಲೂ ಮನೇಲಿದೆ. ಮೂರರಲ್ಲಿ ಸರಿ ಇದೆ, ಒಂದರಲ್ಲಿ ಇಲ್ಲ ಅಂತ ಶಾಲೆ ಮಕ್ಕಳೂ ಹೇಳ್ತಾರೆ. ಆ ಮೂರನೇದರಲ್ಲಿ ಏನು ಹೋಗಿದೆ ಅಂತ ತಿಳಿಯೋಕೆ ಒಂದು ಚಮಚ ಎಂಜಿನ್ ಆಯಿಲ್ ಸಾಕು. ಪ್ಲಗ್ ತೆಗೆದ ತೂತಿನಿಂದ ಆಯಿಲ್ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಆಯಿಲ್ಲು ಸ್ವಲ್ಪ ಹೊತ್ತು ರಿಂಗ್ ಸುತ್ತ ಸಂದು ಮುಚ್ಚುತ್ತೆ. ಅದರಿಂದ ನಂಬರ್ ಏರಿದರೆ ತೊಂದರೆ ರಿಂಗ್‌ನಲ್ಲೋ ಬೋರ್‌ನಲ್ಲೋ ಇದೆ. ಏರದಿದ್ದರೆ ವಾಲ್ವು, ಇಲ್ಲಾ ಹೆಡ್ ಗ್ಯಾಸ್ಕೆಟ್ಟು. ಪದ್ಮಿನಿಯಲ್ಲಿ ವಾಲ್ವ್ ಕೆಲಸಕ್ಕೆ ಎಂಜಿನ್ ಇಳಿಸೋದೇ ಬೇಡ, ಹೆಡ್ ಬಿಚ್ಚಿದರೆ ಆಯ್ತು.

ಆ ಒಂದು ಚಮಚ ಆಯಿಲ್ ಯಾರೂ ಹಾಕಲಿಲ್ಲ. ಎಂಜಿನ್ ಇಳಿಸಿಬಿಟ್ಟರು. ಆಮೇಲೆ ಶುರುವಾಯ್ತು ನೋಡಿ. ಹೆಂಗೂ ಇಳಿಸಿದ್ದೀವಲ್ಲ ಸಾರ್, ಬೋರ್ ಮಾಡಿಸೋಣ. ಹೆಂಗೂ ಬೋರ್ ಮಾಡಿಸ್ತೀವಲ್ಲ, ಕ್ರ್ಯಾಂಕೂ ಗ್ರೈಂಡಿಂಗ್‌ಗೆ ಕಳಿಸೋಣ. ಹೆಂಗೂ ಎಲ್ಲ ಆಚೆ ಬಂದಿದೆಯಲ್ಲ, ಕ್ಲಚ್ ಪ್ಲೇಟು, ಪೇಂಟು. ಹದಿನೆಂಟು ಸಾವಿರ ಅಂದಿದ್ದ ಕೆಲಸ ಎಲ್ಲಿಗೆ ಹೋಯ್ತು ಅಂತ ಮೊದಲೇ ಹೇಳಿದ್ದೀನಿ. ಹದಿನಾಲ್ಕು ತಿಂಗಳು ಕಾರು ಅಲ್ಲೇ ಬಿದ್ದಿತ್ತು.

ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇದೆ. ಪದ್ಮಿನಿಯದು 1089 ಸಿಸಿ ಎಂಜಿನ್ನು, ಬೋರು 68 ಮಿಲಿಮೀಟರ್. ಬೋರ್ ಮಾಡೋದು ಅಂದರೆ ಬ್ಲಾಕಿನ ಒಳಗಿನ ಕಬ್ಬಿಣವನ್ನೇ ಹೆರೆಯೋದು. ಲೇತ್‌ನವರು ಸಾಮಾನ್ಯವಾಗಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಅಂತ ಸೈಜ್ ಹೇಳ್ತಾರೆ. ಇಂಚನ್ನ ಸಾವಿರ ಪಾಲು ಮಾಡಿದರೆ ಅಂಥ ನಲವತ್ತು ಪಾಲು, ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಹೆರೆದ ಕಬ್ಬಿಣ ವಾಪಸ್ ಬರಲ್ಲ. ನಲವತ್ತು ಮುಗಿದರೆ ಸ್ಲೀವ್ ಹೊಡೆಸಬೇಕು, ಅದಕ್ಕೆ ಪಳಗಿದ ಕೈ ಬೇಕು. (ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಲೈನರ್ ತೆಗೆದು ಬೇರೆ ಹಾಕಬಹುದು. ಅದೇ ಲೆಕ್ಕ ಇಟ್ಟುಕೊಂಡು ಕಾರಿನ ಎಂಜಿನ್‌ಗೂ ‘ಬೋರ್ ಮಾಡಿಸಿ ಬಿಡಪ್ಪ’ ಅಂದುಬಿಡ್ತೀವಿ.)

ಚಿಕ್ಕಪ್ಪನ ಬ್ಲಾಕು ಒಂದು ಸಲವೂ ಬೋರ್ ಆಗಿರಲಿಲ್ಲ. ಗ್ಯಾರೇಜ್‌ನವರು ಸ್ಟ್ಯಾಂಡರ್ಡ್‌ನಿಂದ ನೇರ ನಲವತ್ತಕ್ಕೆ ಹೊಡೆಸಿದ್ದರು. ಯಾಕ್ರೀ ಅಂದರೆ, ‘ಅದೇ ಸೈಜಿನ ಪಿಸ್ಟನ್ ಸ್ಟಾಕ್ ಇತ್ತು ಸಾರ್’. ನಾಲ್ಕು ಸಲ ಬರಬೇಕಾದ ಬ್ಲಾಕು ಒಂದೇ ಸಲಕ್ಕೆ ಮುಗೀತು.

ಬಿಚ್ಚಿದ ಹಳೇ ಸಾಮಾನನ್ನ ಚಿಕ್ಕಪ್ಪ ಗೋಣಿಚೀಲದಲ್ಲಿ ತಂದಿದ್ದರು. ಅದನ್ನ ಶಿವಾಜಿನಗರದ ಗುಜರಿ ಸಾಲಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಭಾಯ್ ಮುಂದೆ ಸುರಿದೆವು. ಅವರು ಪಿಸ್ಟನ್ ಎತ್ತಿ ಪಕ್ಕಕ್ಕಿಟ್ಟರು. ವಾಲ್ವುಗಳನ್ನ ಒಂದೊಂದಾಗಿ ಬೆಳಕಿಗೆ ಹಿಡಿದು, ಅಂಚು ಸುಟ್ಟು ಚಿಕ್ಕ ಕಚ್ಚು ಬಿದ್ದಿದ್ದ ಒಂದು ಎಗ್ಸಾಸ್ಟ್ ವಾಲ್ವನ್ನ ಚಿಕ್ಕಪ್ಪನ ಕೈಗಿಟ್ಟರು. ‘ಇದು ಒಂದೇ ಹೋಗಿತ್ತು ಸಾಬ್. ಬಾಕಿ ಎಲ್ಲ ಚೆನ್ನಾಗಿತ್ತು.’

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತ ಹೇಳ್ತಿಲ್ಲ. ಅವರ ವಾದ ಒಂದಿದೆ, ಅದರಲ್ಲಿ ಅರ್ಧ ನಿಜ ಇದೆ. ಹೆಡ್ ಮಾತ್ರ ಸರಿ ಮಾಡಿದರೆ ಮೇಲಿನ ಬಲ ಜಾಸ್ತಿಯಾಗಿ, ಕೆಳಗೆ ಸವೆದ ರಿಂಗು ತಡೆಯಲ್ಲ, ಆಯಿಲ್ ಕುಡಿಯೋಕೆ ಶುರು ಮಾಡುತ್ತೆ. ಆಗ ಗಿರಾಕಿ ಬಂದು ನಮ್ಮನ್ನೇ ಬೈತಾನೆ ಅಂತಾರೆ. ಸರಿ, ಹಾಗಾದರೆ ಅಳೀರಿ. ಹೆಡ್ ತೆಗೆದಾಗ ಬೋರ್ ಮೇಲಂಚಲ್ಲಿ ಉಗುರಿಗೆ ಸಿಗೋ ಮೆಟ್ಟಿಲು ಎಷ್ಟಿದೆ? ಬೋರ್ ಗೇಜ್ ಏನು ಹೇಳುತ್ತೆ? ಎಂಜಿನ್ ಬಿಸಿಯಾದಾಗ ಆಯಿಲ್ ಪ್ರೆಷರ್ ನಿಲ್ಲುತ್ತಾ? ಕೆಳಗಿಂದ ಗುದ್ದೋ ಸದ್ದು ಬರ್ತಿದ್ದರೆ, ಬಿಸಿಯಲ್ಲಿ ಪ್ರೆಷರ್ ಬೀಳ್ತಿದ್ದರೆ, ನೀಲಿ ಹೊಗೆ ನಿಲ್ಲದಿದ್ದರೆ ಪೂರ್ತಿ ಎಂಜಿನ್ ಮಾಡಿಸಿ, ನಾನೇ ಹೇಳ್ತೀನಿ. ಆಗ ಹೆಡ್‌ನಲ್ಲಿ ನಿಲ್ಲಿಸೋದೇ ದಡ್ಡತನ. ನನ್ನ ಜಗಳ ಅಳತೆ ಇಲ್ಲದೆ ‘ಹೆಂಗೂ’ ಅನ್ನೋದರ ಮೇಲೆ.

ಈ ‘ಹೆಂಗೂ’ ಬಂದಿರೋದು ಎಲ್ಲಿಂದ ಅಂತಲೂ ಗೊತ್ತು. ಇಂದಿರಾನಗರದ ಕಡೆ ಭಾನುವಾರ ಬೆಳಿಗ್ಗೆ ಹೊಳೆಯೋ ಹಳೇ ಕಾರು ತೆಗೆದು ಕಾಫಿಗೆ ಹೋಗೋರಿಗೆ ಅದು ಹವ್ಯಾಸ. ನಟ್ಟು ಬೋಲ್ಟು ಸಮೇತ ಹೊಸದು ಮಾಡಿಸಲಿ, ಅವರ ದುಡ್ಡು. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ನಿಂತಿರೋ ಗಾಡಿಗಳ ಲೆಕ್ಕವೂ ಬೇರೆ. ಆದರೆ ಅವರ ವಿಡಿಯೊ ನಮ್ಮ ಫೋನ್‌ಗೆ ಬಂದು, ನಮ್ಮ ಗಾಡಿಗೂ ಅದೇ ಆಗಬೇಕು ಅನ್ನಿಸೋಕೆ ಶುರುವಾಗಿದೆ.

ತಮಾಷೆ ಅಂದರೆ, ಹಳೇದಕ್ಕೆ ಬೆಲೆ ಕೊಡೋ ಸರ್ಕಾರದ ನಿಯಮವೇ ಇದಕ್ಕೆ ಉಲ್ಟಾ ಇದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ವಿಂಟೇಜ್ ವಾಹನ ನಿಯಮದಲ್ಲಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಗಾಡಿಗೆ ಮಾತ್ರ ಆ ಹೆಸರು. ಹಾಗೆ ನೋಂದಣಿ ಆದ ಗಾಡಿಯನ್ನ ದಿನಾ ಓಡಿಸೋ ಹಾಗಿಲ್ಲ, ಅದರಿಂದ ಊರಿನವರಿಗೆ ಅದು ಬೇಡವೇ ಬೇಡ. ಆದರೂ ಮಾರೋ ದಿನ ಬಂದರೆ ಕೊಳ್ಳೋನು ಮೊದಲು ನೋಡೋದು ಎಂಜಿನ್ ನಂಬರ್ರು. ಬ್ಲಾಕ್ ಕೆಟ್ಟು ಗುಜರಿಯಿಂದ ಬೇರೆ ತಂದು ಹಾಕಿದರೆ ಆ ನಂಬರ್ರು ನಿಮ್ಮ ಆರ್‌ಸಿಗೆ ತಾಳೆ ಆಗಲ್ಲ. ಕಾಗದ ಇಲ್ಲದ ಬ್ಲಾಕ್ ಆದರಂತೂ ಆರ್‌ಟಿಒ ಮುಂದೆ ಉತ್ತರ ಹೇಳಬೇಕಾದವರು ನೀವು.

ದುಡ್ಡು ಹಾಕಲೇಬೇಕು ಅನ್ನಿಸಿದರೆ ಬೇರೆ ಜಾಗ ಇದೆ. ಈಗ ಬಂಕ್‌ನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಸೇರಿಸ್ತಾರೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು ಅದನ್ನ ತಡೆಯಲ್ಲ, ಸೋರಿದರೆ ಬೆಂಕಿ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಬಿಸಿಗೆ ಒಳ್ಳೆ ಎಂಜಿನ್ನೂ ಹೋಗುತ್ತೆ. ಮೊದಲು ಅದನ್ನ ಮಾಡಿಸಿ.

ಗ್ಯಾರೇಜ್‌ಗೆ ಬಿಡೋವಾಗ ಎಸ್ಟಿಮೇಟ್ ಚೀಟಿಯ ಮೇಲೇ ಬರೆಸಿ: ನನ್ನ ಕೇಳದೆ ಎಂಜಿನ್ ಇಳಿಸಬಾರದು, ಬೋರ್ ಅಳತೆ ಬರೆದು ತೋರಿಸಬೇಕು, ಎಷ್ಟು ಸೈಜ್ ಹೊಡೆಸ್ತೀರಿ ಅಂತ ಮೊದಲೇ ಹೇಳಬೇಕು, ಹಳೇ ಸಾಮಾನು ವಾಪಸ್ ಕೊಡಬೇಕು. ‘ಏನು ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತಾರೆ. ಅನ್ನಲಿ.

ಚಿಕ್ಕಪ್ಪನ ಫಿಯೆಟ್ಟು ಈಗ ಓಡ್ತಿದೆ, ಚೆನ್ನಾಗೇ ಓಡ್ತಿದೆ. ಆ ಸುಟ್ಟ ವಾಲ್ವನ್ನ ಟಿವಿ ಪಕ್ಕ ಇಟ್ಟಿದ್ದಾರೆ. ಬಂದವರು ಅದೇನು ಅಂತ ಕೇಳಿದರೆ, ‘ಒಂದು ಲಕ್ಷದ ಹತ್ತು ಸಾವಿರ’ ಅಂತಾರೆ.