ಲೆಕ್ಕ ತೀರಬಾರದು

ಊರೂರು ತಿರುಗುವವರನ್ನು ನಾವು ‘ಅಲೆಮಾರಿ’ಗಳೆಂದು ಕರೆಯುತ್ತೇವೆ. ಆ ಮಾತಿನಲ್ಲಿ ಸ್ವಲ್ಪ ಕನಿಕರವೂ ಸ್ವಲ್ಪ ತಾತ್ಸಾರವೂ ಬೆರೆತಿರುವುದುಂಟು. ಗೊತ್ತಿಲ್ಲ, ಗುರಿಯಿಲ್ಲ, ಕಾಲು ಎಳೆದತ್ತ ಹೋಗುವ ಜನ ಎಂಬ ಭಾವ. ನಾನೂ ಹಾಗೆಯೇ ತಿಳಿದಿದ್ದೆ. ಉತ್ತರ ಕೆನ್ಯಾದ ಮರುಭೂಮಿಯಲ್ಲಿ ಮೋಟಾರು ಸೈಕಲ್ಲಿನ ಮೇಲೆ ಎರಡು ದಿನ ಕಳೆದ ಮೇಲೆ ಆ ತಿಳಿವಳಿಕೆ ನನ್ನಲ್ಲಿ ಉಳಿಯಲಿಲ್ಲ.

ಕೆನ್ಯಾ ಎಂದೊಡನೆ ನಮ್ಮ ಓದುಗರ ಕಣ್ಣ ಮುಂದೆ ಸಿಂಹ, ಜಿರಾಫೆ, ನೈರೋಬಿಯ ಅಂಗಡಿಬೀದಿಗಳು ಸುಳಿಯಬಹುದು. ದೇಶದ ಉತ್ತರ ಭಾಗ ಬೇರೆಯೇ ಒಂದು ಲೋಕ. ಅಲ್ಲಿ ಮರ್ಸಬಿಟ್ ಎಂಬ ಊರು ಕಾಡು ಹೊದ್ದ, ಮುಂಜಾನೆ ಮಂಜು ಸುತ್ತುವ ಹಳೆಯ ಅಗ್ನಿಪರ್ವತದ ಮೇಲಿದೆ. ಇಥಿಯೋಪಿಯಾದ ಗಡಿಯತ್ತ ಹೋಗುವ ಡಾಂಬರು ರಸ್ತೆಯಲ್ಲಿ ಬೆಟ್ಟವಿಳಿದು, ಬುಬಿಸಾ ಎಂಬಲ್ಲಿ ಎಡಕ್ಕೆ ತಿರುಗಿದರೆ ರಸ್ತೆ ಮುಗಿಯಿತು; ಉಳಿಯುವುದು ದಾರಿ ಮಾತ್ರ. ಆ ದಾರಿ ಮೈಕೋನಾ, ಕಲಾಚಾ, ನಾರ್ತ್ ಹೋರ್ ಊರುಗಳನ್ನು ಮುಟ್ಟಿ ಕೊನೆಗೆ ತುರ್ಕಾನಾ ಸರೋವರಕ್ಕೆ ಹೋಗುತ್ತದೆ. ಇದು ಗಬ್ರಾ ಜನರ ಸೀಮೆ. ಒಂಟೆ, ಕುರಿ, ಮೇಕೆಗಳೇ ಅವರ ಬಾಳು.

ನಾನು ಬಾಡಿಗೆಗೆ ಹಿಡಿದ ಗಾಡಿ ನಮ್ಮ ದೇಶದಲ್ಲಿಯೇ ತಯಾರಾದದ್ದು. ಭಾರತದ ಮೋಟಾರು ಸೈಕಲ್ಲುಗಳು ಕೆನ್ಯಾದ ಹಳ್ಳಿಹಳ್ಳಿಗೂ ಮುಟ್ಟಿವೆ. ಅವುಗಳ ಮೇಲೆ ಜನರನ್ನು ಕೂರಿಸಿಕೊಂಡು ಹೋಗುವ ಬಾಡಿಗೆ ಗಾಡಿಗೆ ಅಲ್ಲಿ ‘ಬೋಡಾ ಬೋಡಾ’ ಎಂದು ಹೆಸರು. ಹಿಂದೆ ಉಗಾಂಡಾ ಗಡಿಯಲ್ಲಿ ಸೈಕಲ್ಲಿನವರು ‘ಬಾರ್ಡರ್, ಬಾರ್ಡರ್’ ಎಂದು ಕೂಗಿ ಗಿರಾಕಿಗಳನ್ನು ಕರೆಯುತ್ತಿದ್ದುದೇ ಈ ಹೆಸರಿಗೆ ಮೂಲವೆಂದು ಹೇಳುತ್ತಾರೆ. ನನ್ನ ಮುಂದೆ ಇನ್ನೊಂದು ಗಾಡಿಯಲ್ಲಿ ಗಬ್ರಾ ತರುಣನೊಬ್ಬ ದಾರಿ ತೋರಿಸುತ್ತಿದ್ದ. ಅವನ ಕಾಲಿನಲ್ಲಿ ಹಳೆಯ ಟೈರಿನಿಂದ ಕತ್ತರಿಸಿದ ಚಪ್ಪಲಿ. ನನ್ನನ್ನು ಅವನು ಸ್ವಾಹಿಲಿ ರೂಢಿಯಂತೆ ‘ಮ್ಜೇ’, ಅಂದರೆ ಹಿರಿಯರೇ, ಎಂದು ಕರೆಯುತ್ತಿದ್ದ.

ಮೈಕೋನಾದ ಕಡೆಗೆ ನೆಲವೆಲ್ಲ ಕಪ್ಪು ಕಲ್ಲು. ಎಂದೋ ಉಕ್ಕಿ ಹರಿದ ಲಾವಾರಸ ಒಡೆದು, ತೆಂಗಿನಕಾಯಿ ಗಾತ್ರದ ಗುಂಡುಗಳಾಗಿ ದಿಗಂತದವರೆಗೆ ಹರಡಿದೆ. ಗಾಡಿಯ ಕುಲುಕಾಟಕ್ಕೆ ಮೈಯ ಮೂಳೆಗಳೆಲ್ಲ ಸಡಿಲಿದಂತಾಯಿತು. ಮಧ್ಯಾಹ್ನ ನಿಂತು ನೋಡಿದರೆ, ಹಿಂದೆ ಕಟ್ಟಿದ್ದ ನೀರಿನ ಕ್ಯಾನಿನ ತಳ ಸೀಳಿದ್ದಿತು. ಹತ್ತು ಲೀಟರು ನೀರಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ನೀರು ಎಲ್ಲಿ ಸೋರಿತೆಂದು ಹೇಳಲು ಹಿಂದೆ ಒದ್ದೆಯ ಗುರುತೂ ಇರಲಿಲ್ಲ. ಬಿಸಿಲು ಅದನ್ನೂ ಕುಡಿದಿದ್ದಿತು.

ನಾನು ನಕ್ಷೆ ಬಿಚ್ಚಿದೆ. ತರುಣ ನೆಲಕ್ಕೆ ಬಾಗಿ ಒಂಟೆಯ ಹಿಕ್ಕೆಯನ್ನು ಬೆರಳಿನಿಂದ ಒಡೆದು ನೋಡಿದ. “ನಿನ್ನೆಯದು. ಮಂದೆ ಆ ಕಡೆಗೆ ಹೋಗಿದೆ. ಅಲ್ಲಿ ಇಳಿದಿರುವವರು ನಮ್ಮ ತಾಯಿಯ ಕಡೆಯವರೇ ಇರಬೇಕು” ಎಂದ. ಗಾಡಿಗಳನ್ನು ದಾರಿ ಬಿಡಿಸಿ ಒಂದು ಗಂಟೆ ಓಡಿಸಿದ ಮೇಲೆ ಏಳೆಂಟು ಗುಡಾರಗಳು ಕಾಣಿಸಿದವು.

ಬಾಗಿಸಿದ ಕೋಲುಗಳ ಮೇಲೆ ನಾರಿನ ಚಾಪೆ ಹೊದಿಸಿದ, ಬೋರಲು ಹಾಕಿದ ಬಟ್ಟಲಿನಂಥ ಮನೆಗಳು. ಅವನ್ನು ಕಟ್ಟುವವರೂ, ಬಿಚ್ಚಿ ಒಂಟೆಯ ಬೆನ್ನಿಗೆ ಹೇರುವವರೂ ಹೆಂಗಸರೇ. ಮನೆ ಅವರ ಸ್ವತ್ತು. ನನ್ನ ಗಂಟಲು ಒಣಗಿ ನಾಲಗೆ ಅಂಟುತ್ತಿತ್ತು. ಆದರೆ ತರುಣನು ಅಲ್ಲಿದ್ದ ಅಜ್ಜಿಯೊಡನೆ ಕುಶಲಪ್ರಶ್ನೆಗೆ ತೊಡಗಿದ. ‘ನಗಾ’ ಎಂದರೆ ಅವರ ನುಡಿಯಲ್ಲಿ ಶಾಂತಿ. ಮನುಷ್ಯರಿಗೆ ಶಾಂತಿಯೆ? ಒಂಟೆಗಳಿಗೆ ಶಾಂತಿಯೆ? ಮೇಕೆಗಳಿಗೆ? ಬಂದ ದಾರಿಯಲ್ಲಿ ಮಳೆಯ ಗುರುತುಂಟೆ? ಹುಲ್ಲು ಯಾವ ಮಗ್ಗುಲಿಗಿದೆ? ಯಾವ ಬಾವಿಯಲ್ಲಿ ಯಾರ ಮಂದೆ? ಕಾಲು ಗಂಟೆಯಾದರೂ ಮಾತು ಮುಗಿಯಲಿಲ್ಲ.

“ಮೊದಲು ನೀರು ಕೇಳಪ್ಪ” ಎಂದೆ.

“ಕೇಳಬೇಕಾಗಿಲ್ಲ, ಮ್ಜೇ. ನಮ್ಮ ತುಟಿಗಳು ಅವರಿಗೆ ಕಾಣುತ್ತಿವೆ” ಎಂದ.

ಒಂಟೆಯ ಹಾಲಿನ ಚಹಾ ಬಂದಿತು. ಹಾಲಿನ ಪಾತ್ರೆ ಬೇರುನಾರಿನಿಂದ ಹೆಣೆದದ್ದು. ಕೆಂಡದ ಹೊಗೆ ಕೊಟ್ಟು ಶುದ್ಧಮಾಡುವುದರಿಂದ ಹಾಲಿಗೂ ಆ ಹೊಗೆಯ ಕಂಪು. ಅನಂತರ ಅಜ್ಜಿ ಅಡುಗೆಯೆಣ್ಣೆಯ ಹಳೆಯ ಹಳದಿ ಕ್ಯಾನೊಂದನ್ನು ಹೊರಗೆ ತಂದಳು. ಅದರಲ್ಲಿ ಅರ್ಧದಷ್ಟು ನೀರಿತ್ತು. ಬಾವಿ ಒಂದು ದಿನದ ನಡಿಗೆ. ಒಂಟೆ ನೀರಿಲ್ಲದೆ ಹತ್ತು ದಿನ ತಾಳಬಲ್ಲದು. ಮೇಕೆ ಮೂರು ನಾಲ್ಕು ದಿನ. ಮನುಷ್ಯ ಅಷ್ಟೂ ತಾಳಲಾರ. ಇದೆಲ್ಲ ಗೊತ್ತಿದ್ದೂ ಆಕೆ ಇದ್ದುದರಲ್ಲಿ ಅರ್ಧವನ್ನು ನಮ್ಮ ಬಾಟಲಿಗಳಿಗೆ ಸುರಿದಳು.

ನಾನು ಜೇಬಿನಿಂದ ನೋಟು ತೆಗೆದೆ. ತರುಣ ನನ್ನ ಕೈ ಹಿಡಿದ. “ಚೀಲದಲ್ಲಿರುವ ಚಹಾಪುಡಿ, ಸಕ್ಕರೆ ಕೊಡಿ. ಅದು ಉಡುಗೊರೆ. ಹಣ ಕೊಟ್ಟರೆ ಲೆಕ್ಕ ತೀರಿಹೋಗುತ್ತದೆ. ಲೆಕ್ಕ ತೀರಬಾರದು.”

ಆ ಮಾತಿನ ಅರ್ಥ ನನಗೆ ಸಂಜೆ ತಿಳಿಯಿತು. ಗಬ್ರಾ ಜನರಲ್ಲಿ ‘ದಬಾರೆ’ ಎಂಬ ಪದ್ಧತಿಯುಂಟು. ಒಂಟೆಯುಳ್ಳವನು ಹೆಣ್ಣೊಂಟೆಯನ್ನು ಇಲ್ಲದವನಿಗೆ ಎರವಾಗಿ ಕೊಡುತ್ತಾನೆ. ಹಾಲು ಪಡೆದವನದು, ಒಡೆತನ ಕೊಟ್ಟವನದು. ಆ ಒಂಟೆ ಈದ ಹೆಣ್ಣು ಮರಿಗಳೂ ಎರವೇ. ಸಾಲ ತಲೆಮಾರು ದಾಟುತ್ತದೆ. ಹೀಗಾಗಿ ಒಬ್ಬನ ಒಂಟೆಗಳು ಹತ್ತು ಕಡೆಯ ಮಂದೆಗಳಲ್ಲಿ ಹಂಚಿಕೊಂಡಿರುತ್ತವೆ. ಒಂದು ಕಡೆ ಮಳೆ ತಪ್ಪಿದರೆ, ರೋಗ ಬಿದ್ದರೆ, ಇನ್ನೊಂದು ಕಡೆ ಉಳಿದಿರುತ್ತದೆ. ನಮ್ಮ ಬ್ಯಾಂಕಿನಲ್ಲಿ ಸಾಲ ತೀರಿಸುವವನು ಸಜ್ಜನ. ಅಲ್ಲಿ ತೀರದ ಸಾಲವೇ ನೆಂಟಸ್ತಿಕೆ.

ಈ ನೆಂಟಸ್ತಿಕೆಗೂ ಮೀರಿದ ಕಾಲ ಬಂದುಹೋಗಿದೆ. ೨೦೨೦ರ ಕೊನೆಯಿಂದ ೨೦೨೨ರ ಕೊನೆಯವರೆಗೆ ಒಂದರ ಹಿಂದೊಂದಾಗಿ ಐದು ಮಳೆಗಾಲಗಳು ಕೈಕೊಟ್ಟವು. ನಾಲ್ಕು ದಶಕಗಳಲ್ಲಿ ಅಂಥ ಬರ ಕಂಡಿರಲಿಲ್ಲ. ಕೆನ್ಯಾದಲ್ಲಿ ೨೦ ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಎಲ್ಲ ದಿಕ್ಕಿನಲ್ಲಿಯೂ ಮಳೆ ತಪ್ಪಿದರೆ ಹಂಚಿಟ್ಟ ಒಂಟೆಯೂ ಕಾಯದು. ಅಜ್ಜಿಯ ಮಂದೆಯಲ್ಲಿ ಮೊದಲಿನ ಅರ್ಧವೂ ಉಳಿಯಲಿಲ್ಲವಂತೆ. ಉಳಿದುದರಲ್ಲಿ ಬಹುಪಾಲು, ಅವಳಂದಂತೆ, “ಬೇರೆಯವರದು”.

ಇವರ ಸಂಚಾರಕ್ಕೆ ಗೆರೆ ಎಳೆಯಹೋದವರು ಬಹಳ ಜನ. ೧೮೮೮ರಲ್ಲಿ ಇಲ್ಲಿಗೆ ಬಂದ ಹಂಗೆರಿಯ ಕೌಂಟ್ ಟೆಲೆಕಿ ಸರೋವರಕ್ಕೆ ಆಸ್ಟ್ರಿಯಾದ ಯುವರಾಜ ರುಡಾಲ್ಫನ ಹೆಸರಿಟ್ಟ; ಅದು ತುರ್ಕಾನಾ ಆದುದು ೧೯೭೫ರಲ್ಲಿ. ಬ್ರಿಟಿಷರು ಈ ಸೀಮೆಯನ್ನು ಹೊರಗಿನವರಿಗೆ ಮುಚ್ಚಿ, ಪರವಾನಗಿಯಿಲ್ಲದೆ ಯಾರೂ ಬರಬಾರದೆಂದು ವಿಧಿಸಿ, ಯಾವ ಜನ ಎಲ್ಲಿ ಮೇಯಿಸಬೇಕೆಂದು ಎಲ್ಲೆಗಳನ್ನು ಗೊತ್ತುಮಾಡಿದರು. ೧೯೬೩ರಲ್ಲಿ ಕೆನ್ಯಾ ಸ್ವತಂತ್ರವಾಯಿತು. ಆದರೆ ಮಳೆ ಆಗಲೂ ಈಗಲೂ ಎಲ್ಲೆ ನೋಡಿ ಬೀಳುವುದಿಲ್ಲ. ಬಿದ್ದಲ್ಲಿಗೆ ಮಂದೆ ಹೋಗಬೇಕು, ಹೋಗದಿದ್ದರೆ ಸಾಯಬೇಕು. ಅದು ಅಲೆದಾಟವಲ್ಲ, ಲೆಕ್ಕಾಚಾರ.

ಆ ಲೆಕ್ಕದೊಳಕ್ಕೆ ಈಗ ಫಟಫಟಿಯೂ ಬಂದು ಸೇರಿದೆ. ಹುಲ್ಲು ಹುಡುಕಲು ಹಿಂದೆ ತರುಣರು ನಾಲ್ಕೈದು ದಿನ ನಡೆಯಬೇಕಾಗಿತ್ತು. ಈಗ ಬೆಳಿಗ್ಗೆ ಹೊರಟವನು ಸಂಜೆಗೆ ಸುದ್ದಿ ತರುತ್ತಾನೆ. ಕಾಯಿಲೆಯವರನ್ನೂ ನೀರಿನ ಕ್ಯಾನುಗಳನ್ನೂ ಅದೇ ಗಾಡಿ ಹೊರುತ್ತದೆ. ಅಜ್ಜಿಗೆ ಇದರಿಂದ ಸಂತೋಷವೂ ಉಂಟು, ಅಳುಕೂ ಉಂಟು. “ಸುದ್ದಿ ಬೇಗ ಬರುತ್ತದೆ. ಎಲ್ಲರಿಗೂ ಬೇಗ ಬರುತ್ತದೆ. ನಾವು ಹೋಗುವಷ್ಟರಲ್ಲಿ ಹುಲ್ಲು ಮುಗಿದಿರುತ್ತದೆ” ಎಂದಳು. ಪೆಟ್ರೋಲಿಗೆಂದು ಆ ತಿಂಗಳು ಒಂದು ಮೇಕೆಯನ್ನು ಮಾರಿದ್ದರಂತೆ.

ಮರುದಿನ ಕಲಾಚಾದ ಕಡೆಗೆ ಹೊರಟೆವು. ಚಲ್ಬಿ ಮರುಭೂಮಿ ಹಿಂದೆ ಸರೋವರವಾಗಿದ್ದ ಬಯಲು. ಉಪ್ಪು ಹೆಪ್ಪುಗಟ್ಟಿದ ನೆಲ ಸುಣ್ಣ ಬಳಿದ ಅಂಗಳದಂತೆ ಬೆಳ್ಳಗಿದೆ. ದೂರದಲ್ಲಿ ಬಿಸಿಲುಗುದುರೆಯ ನೀರು ಥಳಥಳಿಸುತ್ತಿತ್ತು. ಅದರ ನಡುವಿನಿಂದ ಒಂಟೆ ಕಾಯುವ ಹುಡುಗನೊಬ್ಬ ನಡೆದು ಬಂದು ಕೈ ಎತ್ತಿದ. ಬಾಟಲಿಯಲ್ಲಿ ಎಷ್ಟಿದೆಯೆಂದು ನಾನು ಮನಸ್ಸಿನಲ್ಲೇ ಅಳೆದೆ. ಕಲಾಚಾ ಎಷ್ಟು ದೂರವೆಂದೂ ಅಳೆದೆ. ಅಷ್ಟರಲ್ಲಿ ತರುಣ ಗಾಡಿ ನಿಲ್ಲಿಸಿ ತನ್ನ ಬಾಟಲಿಯನ್ನು ಅವನ ಕೈಗೆ ಕೊಟ್ಟಾಗಿತ್ತು. ಆಮೇಲೆ ನಾನೂ ಕೊಟ್ಟೆ. ಆ ‘ಆಮೇಲೆ’ಯ ನಾಚಿಕೆ ಇನ್ನೂ ಹೋಗಿಲ್ಲ.

ಹುಡುಗ ನೀರು ಕುಡಿದು, ಪದ್ಧತಿಯಂತೆ ಕುಶಲ ಕೇಳಿದ. ನನ್ನ ಜನ ಶಾಂತಿಯಿಂದಿರುವರೆ? ಇರುವರು. ದಾರಿ ಶಾಂತಿಯಿಂದಿತ್ತೆ? ಇತ್ತು.

“ನಿಮ್ಮ ಊರಿನಲ್ಲಿ ಈ ಸಲ ಮಳೆ ಹೇಗೆ?” ಎಂದ.

ತರುಣ ಅದನ್ನು ನನಗೆ ತಿಳಿಯಹೇಳಿ, ಉತ್ತರಕ್ಕೆ ಕಾದು ನಿಂತ. ಮಳೆ ಬಿದ್ದಿತೋ ಇಲ್ಲವೋ, ಕೆರೆ ತುಂಬಿತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.